ಎತ್ತಿಟ್ಟ ಬಾಟಲಿ

ನನ್ನ ತಂಗಿಯ ಮಗಳು ಈ ವರ್ಷ ಫಾರ್ಮಸಿ ಕಾಲೇಜು ಸೇರಿದ್ದಾಳೆ. ಮೊನ್ನೆ ಫೋನಿನಲ್ಲಿ, “ದೊಡ್ಡಮ್ಮ, ಓದೋದೇನೋ ಬೆಟ್ಟದಷ್ಟಿದೆ. ಆದ್ರೆ ಕೊನೆಗೆ ಮಾಡೋದು ಮಾತ್ರೆ ಎಣಿಸಿ ಬಾಟಲಿಗೆ ಹಾಕೋದು ತಾನೆ?” ಎಂದು ಕೇಳಿದಳು. ನನಗೆ ಸಿಟ್ಟು ಬಂತು. ಎಣಿಸುವುದಕ್ಕೆ ಈಗ ಯಂತ್ರ ಬಂದಿದೆ ಮಗಳೇ, ಹೆದರುವುದಕ್ಕೆ ಇನ್ನೂ ಯಂತ್ರ ಬಂದಿಲ್ಲ, ಅದಕ್ಕೇ ನಮ್ಮನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ ಎಂದೆ. ಅವಳು ನಕ್ಕು ಫೋನಿಟ್ಟಳು. ನನಗೆ ನಗು ಬರಲಿಲ್ಲ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಕಾಲಿಡುತ್ತಿರುವವರಿಗೂ ನಾಲ್ಕು ಮಾತು ಬರೆದಿಡೋಣ ಅನ್ನಿಸಿತು.

ಯಾವಾಗ ಯಾವ ಪದವಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬೇಡ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಹುಟ್ಟಾ ಪುಕ್ಕಲಿ. ಅಂಗಡಿಯ ಬಾಗಿಲು ಹಾಕಿ, ಪಾರ್ಕಿಂಗ್ ಲಾಟಿನವರೆಗೆ ಹೋಗಿ, ಕಾರಿನ ಕೀಲಿ ತಿರುಗಿಸಿದ ಮೇಲೆ, ಆ ಮುದುಕರಿಗೆ ಕೊಟ್ಟ ರಕ್ತ ತೆಳು ಮಾಡುವ ಮಾತ್ರೆ ಸರಿಯಾದದ್ದೇ ತಾನೆ ಎಂದು ಮತ್ತೆ ಬಾಗಿಲು ತೆಗೆಸಿ ನೋಡಿ ಬಂದ ದಿನಗಳಿಗೆ ಲೆಕ್ಕವಿಲ್ಲ. ನನ್ನ ಗಂಡ ರಮೇಶ, “ಪಕ್ಕದ ಮನೆಯವರು ಗ್ಯಾಸ್ ಆಫ್ ಮಾಡಿದ್ರೋ ಇಲ್ವೋ ಅಂತಾನೂ ಹೆದರೋಳು ನೀನು” ಎಂದು ಹಾಸ್ಯ ಮಾಡುತ್ತಿದ್ದರು. ಆ ಹೆದರಿಕೆಯೇ ನನ್ನ ಕೈ ಹಿಡಿದು ನಡೆಸಿತು ಎಂದು ಇವತ್ತು ಹೇಳಬಲ್ಲೆ. ಆದರೆ ಆಗ ಅದು ನಿದ್ದೆಯಿಲ್ಲದ ರಾತ್ರಿಯಾಗಿತ್ತು, ಹಸಿವಿಲ್ಲದ ಮಧ್ಯಾಹ್ನವಾಗಿತ್ತು.

ನಾನು ಹೇಳುವುದು ಎರಡು ಸಾವಿರದ ಇಪ್ಪತ್ತರಿಂದ ಈಚಿನ ಕಥೆ. ಆಗ ನಾನು ಅಮೆರಿಕದಲ್ಲಿ, ಲಾಸ್ ಏಂಜಲೀಸಿನ ಪಕ್ಕದ ಗ್ಲೆಂಡೇಲಿನ ಒಂದು ಸಣ್ಣ ಔಷಧಿ ಅಂಗಡಿಯಲ್ಲಿದ್ದೆ. ಮಾಲೀಕ ಅರ್ಮೇನಿಯದವನು, ಹೆಸರು ಅರಾಮ್. ಹೆಸರಿಗಷ್ಟೇ ಅರಾಮ್, ಮನುಷ್ಯನಿಗೆ ಕೂತಲ್ಲಿ ಆರಾಮವಿರಲಿಲ್ಲ. ದಿನವಿಡೀ ಕಪ್ಪು ಕಾಫಿ, ಎಲ್ಲರ ಮೇಲೂ ಕೂಗಾಟ. ಕಿಟಕಿಯ ಗಾಜಿನ ಹಿಂದೆ ಅವನು ಹಳೆಯ ಕಾಲದ ಸಾಮಾನುಗಳನ್ನು ಜೋಡಿಸಿಟ್ಟಿದ್ದ. ಕುದುರೆಗಾಡಿಯ ಕಾಲದಲ್ಲಿ ಲಾಸ್ ಏಂಜಲೀಸಿನ ಯಾವುದೋ ಅಂಗಡಿಯಲ್ಲಿದ್ದ ಕಲ್ಲುಬತ್ತ, ಗುಳಿಗೆ ಉರುಟುವ ಹಲಗೆ, ಕಂದು ಬಣ್ಣದ ಸೀಸೆಗಳು. ಆಗಿನ ಔಷಧಿಯವನು ತಾನೇ ಅರೆದು, ತಾನೇ ಉರುಟಿ, ಎದುರಿಗೆ ನಿಂತವನ ಮುಖ ನೋಡಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದನಂತೆ. “ಅರೆಯುವ ಕೆಲಸ ಕಾರ್ಖಾನೆಗೆ ಹೋಯಿತು. ಮುಖ ನೋಡುವ ಕೆಲಸ ಮಾತ್ರ ನಮಗೆ ಉಳಿದಿದೆ” ಎಂದು ಅರಾಮ್ ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದ.

ಆ ಮುಖ ನೋಡುವ ಕೆಲಸಕ್ಕೇ ಮೊದಲು ಕುತ್ತು ಬಂತು. ಕೋವಿಡ್ ಶುರುವಾದ ವಾರದಲ್ಲೇ ಕೌಂಟರಿಗೆ ಪ್ಲಾಸ್ಟಿಕ್ ಪರದೆ ಹಾಕಿದರು. ನನಗೊಂದು ಮಾಸ್ಕು, ಎದುರಿನವರಿಗೊಂದು ಮಾಸ್ಕು, ನಡುವೆ ಪರದೆ. ಯಾರು ಏನು ಹೇಳಿದರೂ ಯಾರಿಗೂ ಕೇಳಿಸದು. ಒಬ್ಬರು ವಯಸ್ಸಾದ ಅರ್ಮೇನಿಯನ್ ಗೃಹಸ್ಥರು ಟೈ ಕಟ್ಟಿಕೊಂಡೇ ಔಷಧಿಗೆ ಬರುತ್ತಿದ್ದರು, ಅಷ್ಟು ಶಿಸ್ತು. ಅವರಿಗೆ ಮುಲಾಮು ಹೇಗೆ ಹಚ್ಚಬೇಕೆಂದು ಹೇಳಬೇಕಿತ್ತು. ಎಷ್ಟು ಸಲ ಹೇಳಿದರೂ ಕಿವಿಗೆ ಕೈಯಿಟ್ಟು ನಿಂತರು. ಕೊನೆಗೆ ಗಂಟಲು ಹರಿಯುವಂತೆ ಕೂಗಿದೆ. ಬಾಗಿಲಾಚೆ ಫುಟ್‌ಪಾತಿನಲ್ಲಿ ದೂರ ದೂರ ನಿಂತಿದ್ದ ಸಾಲಿಗೆಲ್ಲ ಅವರ ಮೂಲವ್ಯಾಧಿಯ ಸಮಾಚಾರ ತಲುಪಿತು. ಅವರು ಟೈ ಸರಿಮಾಡಿಕೊಂಡು, ತಲೆಬಾಗಿ ಹೊರಟುಹೋದರು. ಆಮೇಲೆ ಅವರ ಔಷಧಿ ಒಯ್ಯಲು ಮಗ ಬರತೊಡಗಿದ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ನಗುವೂ ಬರುತ್ತದೆ.

ಗ್ಲೆಂಡೇಲಿನಲ್ಲಿ ಕೆಲಸವಾದರೂ ನನ್ನ ಇನ್ನೊಂದು ಅಂಗಡಿ ಆರ್ಟೀಸಿಯಾದಲ್ಲಿತ್ತು. ಅದಕ್ಕೆ ಬಾಗಿಲಿಲ್ಲ, ಬೋರ್ಡಿಲ್ಲ. ಭಾನುವಾರ ಅಲ್ಲಿನ ಭಾರತೀಯ ಅಂಗಡಿಗಳ ಬೀದಿ ಪಯನೀಯರ್ ಬುಲೆವಾರ್ಡಿಗೆ ತರಕಾರಿಗೆ ಹೋದರೆ, ಬೆಂಡೆಕಾಯಿ ಆರಿಸುತ್ತಿರುವಾಗಲೇ ಯಾರಾದರೊಬ್ಬರು ಬ್ಯಾಗಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು, “ಪದ್ಮ ಅವರೇ, ಇದು ಜಯನಗರದಿಂದ ತಂದಿದ್ದು, ಇಲ್ಲಿನ ಬಿಪಿ ಮಾತ್ರೆ ಜೊತೆ ತಗೋಬಹುದಾ?” ಎನ್ನುತ್ತಿದ್ದರು. ನಮ್ಮವರಿಗೆ ಡಾಕ್ಟರ ಹತ್ತಿರ ಕೇಳಲು ಸಂಕೋಚ, ಅಂಗಡಿಗೆ ಫೋನ್ ಮಾಡಿದರೆ ಹೋಲ್ಡಿನಲ್ಲಿ ಕಾಯಬೇಕು, ಪದ್ಮಳಾದರೆ ಬೆಂಡೆಕಾಯಿಯ ಬಳಿ ಸಿಗುತ್ತಾಳೆ. ನಾನೂ ಗೊಣಗುತ್ತಲೇ ಉತ್ತರ ಹೇಳುತ್ತಿದ್ದೆ.

ಇನ್ನೊಂದು ಪದ್ಧತಿ ನಮ್ಮವರಲ್ಲಿತ್ತು. ಯುಗಾದಿಗೆ ಬೇವಿನ ಹೂವು, ಗಣೇಶನ ಹಬ್ಬಕ್ಕೆ ಗರಿಕೆ, ಮದುವೆಗೆ ಬಾಳೆಲೆ, ಇವೆಲ್ಲ ಆರ್ಟೀಸಿಯಾಕ್ಕೆ ಬರುವುದೇ ಅಷ್ಟಿಷ್ಟು. ಅಂಗಡಿಯವನು ಪರಿಚಯದವರಿಗೆಂದು ಮೊದಲೇ ಒಳಗೆ ಎತ್ತಿಡುತ್ತಾನೆ. ಪರಿಚಯವಿಲ್ಲದವರು ಬಂದು ಕೇಳಿದರೆ ಮುಗಿದುಹೋಯಿತು ಎನ್ನುತ್ತಾನೆ. ಇದನ್ನು ಯಾರೂ ತಪ್ಪೆಂದುಕೊಳ್ಳುವುದಿಲ್ಲ. ಪರದೇಶದಲ್ಲಿ ನಾವು ಒಬ್ಬರಿಗೊಬ್ಬರು ಎತ್ತಿಟ್ಟುಕೊಂಡೇ ಬದುಕಿದ್ದು. ನನಗೂ ಹಾಗೆ ಎತ್ತಿಟ್ಟವರಿದ್ದರು.

ಅವರು ಮೂರ್ತಿ ಅಂಕಲ್ ಮತ್ತು ಸರೋಜಾ ಆಂಟಿ. ಅಂಕಲ್ ಮೈಸೂರಿನವರು, ಹೃದಯದ ಡಾಕ್ಟರು. ಆಂಟಿ ಧಾರವಾಡದ ಕಡೆಯವರು. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ರಮೇಶನಿಗೆ ಕೆಲಸ ಬೇರೆ ರಾಜ್ಯದಲ್ಲಿ, ನನಗೆ ಲೈಸೆನ್ಸ್ ಪರೀಕ್ಷೆ ಇಲ್ಲಿ. ಗುರುತು ಪರಿಚಯವಿಲ್ಲದ ನನ್ನನ್ನು ಅವರು ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇರಿಸಿಕೊಂಡರು. ಆಂಟಿ ಮೂರು ಹೊತ್ತು ಊಟ ಹಾಕಿದರು. ಸೀರೆ ಉಟ್ಟುಕೊಂಡೇ ನನಗೆ ಫ್ರೀವೇ ಮೇಲೆ ಡ್ರೈವಿಂಗ್ ಕಲಿಸಿದವರು ಅವರು. “ಲಾರಿ ಕಂಡ್ರ ಕಣ್ಣ ಮುಚ್ಚಬ್ಯಾಡವಾ, ಲಾರಿಯವನಿಗೆ ಬ್ರೇಕ್ ಅದ” ಎನ್ನುತ್ತಿದ್ದರು. ಅಂಕಲ್ ಊಟದ ಮೇಜಿನಲ್ಲಿ ನನಗೆ ಪ್ರಶ್ನೆ ಕೇಳುವರು, ತಪ್ಪು ಹೇಳಿದರೆ ಎರಡನೆಯ ಸಲ ಸಾರು ಬಡಿಸುವ ಹಾಗಿಲ್ಲ ಎಂದು ಆಂಟಿಗೆ ತಮಾಷೆಗೆ ಆಜ್ಞೆ. ನನ್ನ ಮಗಳು ಮೇಘನಾ ಹುಟ್ಟಿದಾಗ ಬಾಣಂತನ ಮಾಡಿದ್ದೂ ಆಂಟಿಯೇ. ತವರು ಎಂದರೆ ನನಗೆ ಆ ಮನೆ.

ಕೋವಿಡ್ಡಿನ ಆ ಮಾರ್ಚಿನಲ್ಲಿ, ಯುಗಾದಿ ಹತ್ತಿರವಿತ್ತು, ಟಿವಿಯಲ್ಲಿ ದೊಡ್ಡವರು ಒಂದು ಮಾತ್ರೆಯ ಹೆಸರು ಹೇಳಿಬಿಟ್ಟರು. ಹೈಡ್ರಾಕ್ಸಿಕ್ಲೋರೋಕ್ವಿನ್. ಮಲೇರಿಯಾಕ್ಕೆ ಕೊಡುವ ಹಳೆಯ ಮಾತ್ರೆ. ಅದು ಕೋವಿಡ್ಡಿಗೆ ಆಗುತ್ತದಂತೆ, ತಡೆಯುತ್ತದಂತೆ ಎಂಬ ಅಂತೆಕಂತೆ. ಮರುದಿನ ಬೆಳಿಗ್ಗೆ ಅಂಗಡಿಯ ಫೋನು ಕೆಳಗಿಡಲು ಬಿಡಲಿಲ್ಲ. ಕರೆ ಮಾಡಿದವರು ಬಹಳಷ್ಟು ಜನ ಡಾಕ್ಟರುಗಳೇ. ತಮಗೆ, ಹೆಂಡತಿಗೆ, ಮಕ್ಕಳಿಗೆ, ಗಾಲ್ಫ್ ಗೆಳೆಯನಿಗೆ. ಸಗಟು ವ್ಯಾಪಾರಿಯ ಕಂಪ್ಯೂಟರಿನಲ್ಲಿ ಆ ಮಾತ್ರೆಯ ಎದುರು ಸ್ಟಾಕ್ ಇಲ್ಲ ಎಂದು ಕೆಂಪಕ್ಷರ ಬಂತು. ಮತ್ತೆ ಯಾವಾಗ ಎಂದರೆ ಉತ್ತರವಿಲ್ಲ. ನಮ್ಮ ಶೆಲ್ಫಿನಲ್ಲಿ ಉಳಿದದ್ದು ಒಂದೇ ಬಾಟಲಿ.

ಆ ಬಾಟಲಿಗೆ ವಾರಸುದಾರಳೊಬ್ಬಳಿದ್ದಳು. ಹೆಸರು ಲುಸಿನೆ ಎಂದಿಟ್ಟುಕೊಳ್ಳಿ, ನಿಜವಾದ ಹೆಸರು ಹೇಳುವ ಹಾಗಿಲ್ಲ. ಶಾಲೆಯಲ್ಲಿ ಸಂಗೀತ ಕಲಿಸುವ ಹೆಂಗಸು. ಅವಳಿಗೆ ಲೂಪಸ್, ಅಂದರೆ ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ. ಒಂದು ಸಲ ಮೂತ್ರಪಿಂಡದವರೆಗೆ ಹೋಗಿ ಬಂದಿತ್ತು. ಈ ಮಾತ್ರೆಯೇ ಅದನ್ನು ಕಟ್ಟಿಹಾಕಿಟ್ಟಿದ್ದು. ಅವಳು ಮತ್ತೆ ಮಾತ್ರೆ ಒಯ್ಯುವ ಸರದಿ ಬರಲು ಇನ್ನೂ ಕೆಲವು ದಿನವಿತ್ತು. ಅಲ್ಲಿಯವರೆಗೆ ಇನ್ಶೂರೆನ್ಸಿನವರು ಒಪ್ಪುವುದಿಲ್ಲ, ಕಂಪ್ಯೂಟರು ಬಿಡುವುದಿಲ್ಲ. ಹಾಗಾಗಿ ಆ ಬಾಟಲಿ ಶೆಲ್ಫಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಕೂತಿತ್ತು. ನಾನು ಅದನ್ನು ತೆಗೆದು ಹಿಂದಿನ ಕಪಾಟಿನಲ್ಲಿ, ಅವಳ ಹೆಸರಿನ ಚೀಟಿ ಅಂಟಿಸಿ ಎತ್ತಿಟ್ಟೆ.

ಅದೇ ಮಧ್ಯಾಹ್ನ ನನ್ನ ಮೊಬೈಲಿಗೆ ಮೂರ್ತಿ ಅಂಕಲ್ ಫೋನು ಬಂತು. ಅವರು ನಿವೃತ್ತರಾಗಿದ್ದರೂ ಲೈಸೆನ್ಸ್ ಬಿಟ್ಟಿರಲಿಲ್ಲ, ಔಷಧಿ ಬರೆದುಕೊಡಬಹುದಿತ್ತು.

“ಪದ್ಮ, ಬರ್ಕೋ. ನಂಗೆ, ಸರೋಜಂಗೆ, ಮಗಂಗೆ, ಸೊಸೆಗೆ. ಹೈಡ್ರಾಕ್ಸಿಕ್ಲೋರೋಕ್ವಿನ್.”

“ಅಂಕಲ್, ಡಯಾಗ್ನೋಸಿಸ್ ಏನು ಅಂತ ಹಾಕ್ಲಿ?”

“ಏನು ಡಯಾಗ್ನೋಸಿಸ್? ಮುನ್ನೆಚ್ಚರಿಕೆ ಅಂತ ಹಾಕು. ನೀನು ಟಿವಿ ನೋಡ್ತಿಲ್ವಾ?”

“ಸ್ಟಾಕ್ ನೋಡಿ ಹೇಳ್ತೀನಿ ಅಂಕಲ್.”

“ನೋಡೋದೇನು, ಇದ್ದಿದ್ದನ್ನ ಎತ್ತಿಡು. ನಾವೇನು ಹೊರಗಿನವರಾ?”

ಮರುದಿನ ಆಂಟಿಯ ಫೋನು. ಅವರ ದನಿಯಲ್ಲಿ ಯಾವತ್ತೂ ಕೇಳದ ನಡುಕವಿತ್ತು. “ಪದ್ಮಾ, ಇವರಿಗೆ ನಿದ್ದಿ ಇಲ್ಲ. ನ್ಯೂಯಾರ್ಕಿನ್ಯಾಗ ಇವರ ಕ್ಲಾಸ್‌ಮೇಟು ತೀರಿಕೊಂಡ್ರು. ಕೈಯಾಗ ಆ ಮಾತ್ರಿ ಇದ್ರ ಅವರಿಗೊಂದು ಧೈರ್ಯ. ನಾ ನಿನ್ನ ಯಾವತ್ತಾದ್ರೂ ಏನರ ಕೇಳೇನಿ ಏನು?”

ಕೇಳಿರಲಿಲ್ಲ. ಒಂದು ದಿನವೂ ಏನನ್ನೂ ಕೇಳಿರಲಿಲ್ಲ. ಅದೇ ನನ್ನನ್ನು ಹಿಂಡಿದ್ದು.

ನೀವು ಈಗ ಓದುವ ಪುಸ್ತಕಗಳಲ್ಲಿ ಆ ಮಾತ್ರೆ ಕೋವಿಡ್ಡಿಗೆ ಉಪಯೋಗವಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದಿರುತ್ತದೆ. ಆಗ ಆ ಸಾಲು ಇರಲಿಲ್ಲ. ಯಾರಿಗೂ ಏನೂ ಗೊತ್ತಿರಲಿಲ್ಲ. ಕೆಲಸ ಮಾಡಬಹುದೇನೋ ಎಂಬ ಆಸೆ ನನಗೂ ಇತ್ತು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮೇಘನಾ ಆಗ ಸ್ಯಾನ್ ಡಿಯಾಗೋದ ಒಂದು ಆಸ್ಪತ್ರೆಯಲ್ಲಿ ಹೊಸ ಡಾಕ್ಟರು. ಒಂದೇ ಮಾಸ್ಕನ್ನು ಕಾಗದದ ಚೀಲದಲ್ಲಿಟ್ಟು ದಿನಗಟ್ಟಲೆ ಹಾಕಿಕೊಳ್ಳುತ್ತಿದ್ದಳು. ಯಾರೂ ನೋಡದಾಗ ನಾನು ಕಪಾಟು ತೆಗೆದು ಆ ಬಾಟಲಿಯನ್ನು ಕೈಗೆತ್ತಿಕೊಳ್ಳುತ್ತಿದ್ದೆ. ಲುಸಿನೆಯ ಹೆಸರು ಓದುತ್ತಿದ್ದೆ, ವಾಪಸು ಇಡುತ್ತಿದ್ದೆ. ತಾಯಿಯ ಕೈ, ಔಷಧಿಯವಳ ಕೈ ಎರಡೂ ಒಂದೇ ಮೈಗೆ ಅಂಟಿಕೊಂಡಿದ್ದವಲ್ಲ, ಏನು ಮಾಡಲಿ?

ಮಗಳಿಗೇ ಫೋನ್ ಮಾಡಿ, “ನಿಂಗೆ ಸ್ವಲ್ಪ ಕಳಿಸಲಾ ಪುಟ್ಟಾ?” ಎಂದೆ. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. “ಅಮ್ಮಾ, ನೋ. ಪ್ಲೀಸ್ ಡೋಂಟ್” ಎಂದಳು. ತನ್ನ ವಾರ್ಡಿನಲ್ಲಿ ಲೂಪಸ್ ಇರುವ ಹುಡುಗಿಯೊಬ್ಬಳು ಮಾತ್ರೆ ಸಿಗದೆ ಬಂದು ಮಲಗಿದ್ದಾಳೆ ಎಂದಳು.

ರಮೇಶ ಬೇರೆ ದಾರಿ ಹೇಳಿದರು. “ಸ್ಟಾಕ್ ಇಲ್ಲ ಅಂದ್ಬಿಡು. ಎಲ್ಲೂ ಇಲ್ವಲ್ಲ, ಅವರೂ ನಂಬ್ತಾರೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.” ಎಷ್ಟು ಸುಲಭದ ಮಾತು! ಆ ವಾರ ಊರಿನ ಅರ್ಧ ಔಷಧಿ ಅಂಗಡಿಗಳು ಅದನ್ನೇ ಹೇಳುತ್ತಿದ್ದವು. ನಾನೂ ಮನಸ್ಸಿನಲ್ಲಿ ಆ ಸುಳ್ಳನ್ನು ಉರು ಹೊಡೆದೆ.

ಅರಾಮನಿಗೆ ವಿಷಯ ತಿಳಿಸಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. “ನಾನು ಅಂಗಡಿಯ ಮಾಲೀಕ. ನಿನ್ನ ಲೈಸೆನ್ಸಿನ ಮಾಲೀಕ ಅಲ್ಲ. ಕೊಟ್ಟರೂ ಕೇಳುವುದಿಲ್ಲ, ಬಿಟ್ಟರೂ ಕೇಳುವುದಿಲ್ಲ” ಎಂದ. ಕಾಫಿ ಕುಡಿದು, ಲೋಟ ಇಟ್ಟು, “ಆದರೆ ಇಲ್ಲ ಎಂದು ಸುಳ್ಳು ಹೇಳಬೇಡ. ಅವನು ಡಾಕ್ಟರು, ನೀನು ಫಾರ್ಮಸಿಸ್ಟು. ಇಬ್ಬರ ನಡುವೆ ಇರುವುದು ಬರೀ ಮಾತು. ಅದೂ ಕೆಟ್ಟರೆ ಕೌಂಟರು ಮುಚ್ಚಿಕೊಂಡು ಹೋಗಬಹುದು” ಎಂದ. ಮೇಲಧಿಕಾರಿಗಳು ನಮ್ಮನ್ನು ಕಾಪಾಡುತ್ತಾರೆ ಎಂದು ಕಾಯುತ್ತೇವಲ್ಲ, ಒಳ್ಳೆಯ ಮೇಲಧಿಕಾರಿ ಕೆಲವು ಸಲ ಹೀಗೆ ನಮ್ಮನ್ನೇ ಮುಂದೆ ತಳ್ಳುತ್ತಾನೆ.

ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅಂಕಲ್‌ಗೆ ಫೋನ್ ಮಾಡಿದೆ.

“ಅಂಕಲ್, ಒಂದು ಬಾಟಲಿ ಇದೆ. ಆದ್ರೆ ಅದನ್ನ ನಿಮಗೆ ಕೊಡಕ್ಕಾಗಲ್ಲ.”

“ಇಲ್ಲ ಅಂದಿದ್ರೆ ಬೇರೆ ಮಾತು. ಇಟ್ಕೊಂಡು ಕೊಡಲ್ಲ ಅಂತಿದ್ದೀಯ.”

“ಅದರ ಮೇಲೇ ಬದುಕ್ತಿರೋ ಪೇಶೆಂಟ್ ಒಬ್ಬರಿದ್ದಾರೆ ಅಂಕಲ್. ಅವರಿಗೆ ಮುಂದಿನ ವಾರ ಬೇಕು.”

“ಯಾರದು?”

“ಹೇಳೋ ಹಾಗಿಲ್ಲ.”

“ಅಂದ್ರೆ ಯಾರೋ ಹೆಸರು ಹೇಳಕ್ಕೂ ಆಗದೋರಿಗೋಸ್ಕರ ಸರೋಜಂಗೆ ಇಲ್ಲ ಅಂತಿದ್ದೀಯ.”

“ಅದು ಹೃದಯದ ಬಡಿತಕ್ಕೂ ತೊಂದ್ರೆ ಮಾಡಬಹುದು ಅಂಕಲ್, ನಿಮ್ಮ ವಯಸ್ಸಿಗೆ...”

“ನಂಗೆ ಹೃದಯದ ಪಾಠ ಹೇಳ್ತೀಯಾ ನೀನು?” ಎಂದರು. ಅವರ ದನಿ ಏರಲಿಲ್ಲ. “ನಮ್ಮನೇಲಿ ಕೂತು ಓದಿದ್ದು ಇದಕ್ಕೇನಾ?” ಎಂದು ಫೋನಿಟ್ಟರು.

ಆ ಕಾರಿನಲ್ಲಿ ನಾನು ಅತ್ತೆ. ತವರಿನ ಬಾಗಿಲನ್ನು ನನ್ನ ಕೈಯಾರೆ ಹಾಕಿಕೊಂಡೆನಲ್ಲ ಎಂದು ಅತ್ತೆ. ಆಮೇಲೆ ಕನ್ನಡಿ ನೋಡಿ ಮುಖ ಒರೆಸಿಕೊಂಡು ಒಳಗೆ ಹೋದೆ. ಸಾಲು ಕಾಯುತ್ತಿತ್ತು.

ಲುಸಿನೆ ತನ್ನ ಸರದಿಯ ದಿನ ಬಂದಳು. ಆಗ ನಾವು ಔಷಧಿಯನ್ನು ಹೊರಗೆ ಕಾರಿನ ಕಿಟಕಿಗೇ ಒಯ್ದು ಕೊಡುತ್ತಿದ್ದೆವು. ಬಾಟಲಿ ನೋಡಿದ ಕೂಡಲೇ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. ಮಾತ್ರೆ ಸಿಗುವುದಿಲ್ಲವೆಂಬ ಸುದ್ದಿ ಕೇಳಿ, ಇರುವುದನ್ನೇ ಉಳಿಸಿಕೊಳ್ಳಲು ದಿನ ಬಿಟ್ಟು ದಿನ ನುಂಗುತ್ತಿದ್ದಳಂತೆ. ಬೆರಳ ಗಂಟುಗಳು ಆಗಲೇ ಊದಿಕೊಂಡಿದ್ದವು. “ಹಾಗೆ ಮಾಡುವ ಮೊದಲು ನನಗೊಂದು ಫೋನ್ ಮಾಡಬಾರದಿತ್ತೇ?” ಎಂದು ನಾನು ಗದರಿಬಿಟ್ಟೆ. “ನನಗಾಗಿ ಯಾರು ಇಟ್ಟುಕೊಂಡಿರುತ್ತಾರೆ ಅಂದುಕೊಂಡೆ” ಎಂದಳು. ಆ ಬಾಟಲಿಯಿಂದ ನನಗೆ ಏನು ಹೋಯಿತು ಎಂಬುದು ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅವಳಿಗೆ ಆಮೇಲಿನ ತಿಂಗಳು ಮಾತ್ರೆ ಹೊಂದಿಸಲು ನಾನು ಪಸಡೀನಾದಿಂದ ಲಾಂಗ್ ಬೀಚಿನವರೆಗೆ ಅಂಗಡಿ ಅಂಗಡಿಗೆ ಫೋನ್ ಮಾಡಿ ಬೇಡಬೇಕಾಯಿತು. ಹೇಗೋ ಹೊಂದಿತು.

ನಮ್ಮವರ ನಡುವೆ ಮಾತು ಹರಡಿತು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಉಂಡ ಮನೆಗೆ ಎರಡು ಬಗೆಯುವವರ ಬಗ್ಗೆ ಒಂದು ಸುಭಾಷಿತ ಹಾಕಿದರು. ಹೆಸರು ಹಾಕಿರಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಕೆಲವು ತಿಂಗಳಲ್ಲೇ ಆ ಮಾತ್ರೆ ನಿಷ್ಪ್ರಯೋಜಕ ಎಂದು ಒಂದೊಂದಾಗಿ ವರದಿಗಳು ಬಂದವು. ಈಗಲಾದರೂ ಅಂಕಲ್ ಫೋನ್ ಮಾಡುತ್ತಾರೆ ಎಂದು ಕಾದೆ. ನಾನಾಗಿ ಮಾಡಿದರೆ ಗೆದ್ದೆನೆಂದು ಹೇಳಿಕೊಳ್ಳಲು ಮಾಡಿದಳು ಅಂದುಕೊಂಡಾರು ಎಂಬ ಭಯ. ಹೀಗೆ ಅವರ ಬಿಗುಮಾನ, ನನ್ನ ಹೆದರಿಕೆ, ನಡುವೆ ದಿನಗಳು ಹೋದವು.

ಆ ಚಳಿಗಾಲದಲ್ಲಿ ಲಾಸ್ ಏಂಜಲೀಸಿನ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದ ಕಾಲ ಬಂತು. ಮೂರ್ತಿ ಅಂಕಲ್‌ಗೆ ಕೋವಿಡ್ ಬಂತು. ಸುದ್ದಿ ನನಗೆ ಬಂದಾಗ ಅವರು ಆಗಲೇ ವೆಂಟಿಲೇಟರಿನಲ್ಲಿದ್ದರು. ಆಂಟಿ ನನ್ನ ಫೋನು ಎತ್ತಲಿಲ್ಲ. ಅಂಕಲ್ ಉಳಿಯಲಿಲ್ಲ. ಅವರ ಕೊನೆಯ ಕಾರ್ಯವನ್ನು ಕಂಪ್ಯೂಟರ್ ಪರದೆಯಲ್ಲಿ ನೋಡಿದೆವು. ಸಣ್ಣ ಸಣ್ಣ ಚೌಕಗಳಲ್ಲಿ ಎಲ್ಲರ ಮುಖಗಳು, ಒಂದು ಚೌಕದಲ್ಲಿ ಆಂಟಿ, ಅವರು ಯಾರನ್ನೂ ನೋಡುತ್ತಿರಲಿಲ್ಲ. ಬಿಸಿಬೇಳೆ ಭಾತು ಮಾಡಿ ಅವರ ಬಾಗಿಲಲ್ಲಿಟ್ಟು ಬಂದೆ. ಮರುದಿನ ತೊಳೆದ ಪಾತ್ರೆ ಅದೇ ಜಾಗದಲ್ಲಿತ್ತು, ಖಾಲಿ. ಆಂಟಿ ಯಾವತ್ತೂ ಖಾಲಿ ಪಾತ್ರೆ ಹಿಂತಿರುಗಿಸಿದವರಲ್ಲ, ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಿದ್ದರು. ಆ ಪಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಾಗ ನನ್ನೊಳಗೆ ಒಂದು ಪ್ರಶ್ನೆ ಹೊಕ್ಕಿತು. ನಾನು ಕೊಟ್ಟಿದ್ದರೆ? ಓದಿದ್ದೆಲ್ಲ ಇಲ್ಲ, ಏನೂ ಆಗುತ್ತಿರಲಿಲ್ಲ ಎನ್ನುತ್ತಿತ್ತು. ಆದರೂ ಪ್ರಶ್ನೆ ಕೂತೇ ಇತ್ತು. ಈ ಕೆಲಸ ಸೇರುವವರಿಗೆ ಇದನ್ನು ಯಾವ ತರಗತಿಯಲ್ಲೂ ಹೇಳುವುದಿಲ್ಲ. ಸರಿಯಾಗಿ ಮಾಡಿದ ಕೆಲಸಕ್ಕೂ ನಿದ್ದೆ ಕೆಡುತ್ತದೆ.

ಅರಾಮ್ ಅಂಗಡಿಯನ್ನು ದೊಡ್ಡ ಕಂಪನಿಗೆ ಮಾರಿದ. ನಾವು ಮಗಳ ಹತ್ತಿರ ಇರೋಣವೆಂದು ಸ್ಯಾನ್ ಡಿಯಾಗೋಗೆ ಬಂದೆವು. ನನ್ನ ಕೊನೆಯ ವರ್ಷಗಳು ಅಲ್ಲಿನ ಯೂನಿವರ್ಸಿಟಿ ಸಿಟಿ ಬಡಾವಣೆಯ ಒಂದು ದೊಡ್ಡ ಅಂಗಡಿಯಲ್ಲಿ ಕಳೆದವು. ಅಲ್ಲಿ ಎಲ್ಲ ಬೇರೆ. ಗಿರಾಕಿಗಳು ಹೆಚ್ಚಾಗಿ ವಿದ್ಯಾರ್ಥಿಗಳು, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಔಷಧಿ ಒಯ್ಯುವವರು. ಪ್ರತಿಯೊಂದು ಪ್ರಿಸ್ಕ್ರಿಪ್ಷನ್ನಿಗೂ ಪರದೆಯ ಮೇಲೆ ಗಡಿಯಾರ ಓಡುತ್ತದೆ. ತಡವಾದರೆ ಹಸಿರು ಹಳದಿಯಾಗುತ್ತದೆ, ಹಳದಿ ಕೆಂಪಾಗುತ್ತದೆ. ಮ್ಯಾನೇಜರು ನನ್ನ ಮಗಳಿಗಿಂತ ಚಿಕ್ಕವನು, ಒಳ್ಳೆಯವನೇ. “ಪದ್ಮಾ, ನೀವು ಒಬ್ಬೊಬ್ಬರ ಹತ್ತಿರವೂ ಬಹಳ ಮಾತಾಡುತ್ತೀರಿ” ಎಂದು ಬೇಸರದಿಂದಲೇ ಹೇಳುತ್ತಿದ್ದ. ಮಾತಾಡದೆ ಒಂದು ಸಲ ಕೆಟ್ಟೆವು. ಮಾತ್ರೆಯ ಕಂಪನಿ ಬದಲಾಗಿ ಬಿಳಿ ಮಾತ್ರೆ ಗುಲಾಬಿಯಾಗಿತ್ತು, ಯಾರೂ ಹೇಳಿರಲಿಲ್ಲ. ಒಬ್ಬ ಮುದುಕ ಇದು ಹೊಸ ಔಷಧಿ ಎಂದುಕೊಂಡು ಮನೆಯಲ್ಲಿದ್ದ ಬಿಳಿಯದನ್ನೂ ಜೊತೆಗೆ ನುಂಗಿ, ತಲೆ ತಿರುಗಿ ಬಿದ್ದ. ಪುಣ್ಯಕ್ಕೆ ಮೊಣಕೈ ತರಚಿದ್ದಷ್ಟೆ. ಅಂದಿನಿಂದ ಗಡಿಯಾರ ಕೆಂಪಾದರೆ ಆಗಲಿ ಎಂದು ನಾನು ಬಾಟಲಿ ತೆರೆದು ತೋರಿಸದೆ ಯಾರನ್ನೂ ಕಳಿಸಲಿಲ್ಲ.

ನಾನು ನಿವೃತ್ತಿಗೆ ಬರೆದುಕೊಟ್ಟಾಗಿತ್ತು. ಒಂದು ಬೆಳಿಗ್ಗೆ ತಲೆ ಎತ್ತಿದರೆ ಸಾಲಿನಲ್ಲಿ ಸರೋಜಾ ಆಂಟಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸ್ನೀಕರ್ಸು, ಕೈಯಲ್ಲೊಂದು ಬಟ್ಟೆಯ ಚೀಲ. ಮಗ ಅವರನ್ನು ಇಲ್ಲಿಗೆ ಕರೆತಂದಿದ್ದಾನೆಂದು ಕೇಳಿದ್ದೆ, ಹೋಗಿ ನೋಡುವ ಧೈರ್ಯ ಮಾಡಿರಲಿಲ್ಲ. ಸಾಲು ಮುಂದಕ್ಕೆ ಬಂದಂತೆಲ್ಲ ನಾನು ಎದುರಿನವರ ಬಾಟಲಿಯ ಚೀಟಿಯನ್ನು ಎರಡೆರಡು ಸಲ ಓದಿದೆ. ಬೇರೆ ಕೌಂಟರು ಖಾಲಿಯಾದಾಗ ಅಲ್ಲಿಯ ಹುಡುಗಿ ಅವರನ್ನು ಕರೆದಳು. ಆಂಟಿ ಬೇಡವೆಂದು ಕೈಯಾಡಿಸಿ ನನ್ನ ಸಾಲಿನಲ್ಲೇ ನಿಂತರು.

ಎದುರಿಗೆ ಬಂದಾಗ ಅಭ್ಯಾಸಬಲದಿಂದ, “ಹೆಸರು, ಹುಟ್ಟಿದ ತಾರೀಕು?” ಎಂದು ಕನ್ನಡದಲ್ಲೇ ಕೇಳಿದೆ.

“ನನ್ನ ಹೆಸರು ಮರತೀ ಏನು?” ಎಂದರು ಆಂಟಿ.

“ಎಲ್ಲರನ್ನೂ ಕೇಳಬೇಕು ಆಂಟಿ.”

“ಹಂಗಾರ ಬರಕೋ” ಎಂದು ಹೆಸರು, ತಾರೀಕು ಎರಡನ್ನೂ ನಿಧಾನವಾಗಿ ಹೇಳಿದರು. ಆಮೇಲೆ ಚೀಲವನ್ನು ಕೌಂಟರಿನ ಮೇಲೆ ಬೋರಲು ಹಾಕಿದರು. ಬಾಟಲಿಗಳು, ಸ್ಟ್ರಿಪ್ಪುಗಳು, ಮೂರು ಡಾಕ್ಟರುಗಳು ಕೊಟ್ಟದ್ದು, ಸೊಸೆ ತಂದದ್ದು, ಊರಿನಿಂದ ಬಂದದ್ದು, ಎಲ್ಲ ರಾಶಿಯಾಗಿ ಬಿದ್ದವು. ನನ್ನ ಪರದೆಯ ಮೇಲೆ ಗಡಿಯಾರ ಹಳದಿಯಾಗಿತ್ತು.

ನಾನು ಮಾತ್ರೆಗಳನ್ನು ಮುಟ್ಟಲಿಲ್ಲ. “ಆಂಟಿ, ಅಂಕಲ್ ನನ್ನ ಬಗ್ಗೆ ಏನಾದ್ರೂ ಅಂದಿದ್ರಾ?” ಎಂದು ಕೇಳಿಬಿಟ್ಟೆ. ಅಷ್ಟು ವರ್ಷ ನುಂಗಿಕೊಂಡಿದ್ದ ಪ್ರಶ್ನೆ ಅದು.

“ಬೈದ್ರು. ದವಾಖಾನಿಗೆ ಹೋಗೂತನಾ ಬೈದ್ರು.” ಆಂಟಿ ಸ್ವೆಟರಿನ ತೋಳನ್ನು ಎಳೆದುಕೊಂಡರು. “ಬ್ಯಾರೇದವರನ್ನ ಕೇಳ್ರಿ, ಆರ್ಟೀಸಿಯಾದಾಗ ನಿಮ್ಮ ದೋಸ್ತನ ಔಷಧಿ ಅಂಗಡಿ ಅದ, ಕೊಡತಾನ ಅಂತ ನಾ ಬಡಕೊಂಡೆ. ಕೇಳಲಿಲ್ಲ. ಪದ್ಮಾನ ಇಲ್ಲ ಅಂದ ಮ್ಯಾಲೆ ಇನ್ನೊಬ್ಬ ಹೂಂ ಅಂದ್ರ ಅದನ್ನ ನಾ ಹೆಂಗ ನಂಬಲಿ ಸರೋಜಾ, ಅಂದ್ರು.”

ಹಿಂದೆ ನಿಂತಿದ್ದ ವಿದ್ಯಾರ್ಥಿ ಕೆಮ್ಮಿದ. ಗಡಿಯಾರ ಕೆಂಪಾಯಿತು.

“ನನ್ನ ಸಿಟ್ಟು ಹೋಗಿಲ್ಲ” ಎಂದರು ಆಂಟಿ, ಮಾತ್ರೆಗಳ ರಾಶಿಯನ್ನು ಎರಡೂ ಕೈಯಿಂದ ನನ್ನ ಕಡೆಗೆ ಸರಿಸುತ್ತ. “ಇಲ್ಲಿ ಎಲ್ಲಾರೂ ನನಗ ಕೊಡೂವ್ರ. ಇದರಾಗ ಯಾವದು ಬ್ಯಾಡ, ನೀ ಹೇಳು.”